ಪಟ್ಟಿಯ ಹದಿನೇಳನೆಯ ಹೆಸರು

ನನ್ನ ಓರಗಿತ್ತಿ ರಾಬೇಲ್ ಸಿಂಧ್ ವಿಧಾನಸಭೆಯ ಸದಸ್ಯೆಯಾದದ್ದು ಜಮೀನ್ದಾರರ ಮಗಳ ಪಾಸ್‌ಪೋರ್ಟಿನಿಂದಾಗಿ.

ಅದಕ್ಕೆ ಮುಂಚೆ ಹದಿನೆಂಟು ವರ್ಷ ಅವಳು ಖೈರ್‌ಪುರದ ಹತ್ತಿರ ನಮ್ಮೂರಿನ ಧರ್ಮಾಸ್ಪತ್ರೆಯಲ್ಲಿ ನರ್ಸು. ಬಸುರಿಯರ ತೂಕ ನೋಡುವುದು, ಮಕ್ಕಳಿಗೆ ಸೂಜಿ ಚುಚ್ಚುವುದು, ಖರ್ಜೂರದ ಸುಗ್ಗಿಯಲ್ಲಿ ಸುಟ್ಟ ಕೈಗಳಿಗೆ ಮುಲಾಮು ಹಚ್ಚುವುದು ಅವಳ ಕೆಲಸ. ನಮ್ಮಲ್ಲಿ ಹೆಂಗಸರು ಅರೆ ಹಣ್ಣಾದ ಖರ್ಜೂರವನ್ನು ಕೊಪ್ಪರಿಗೆಗಳಲ್ಲಿ ಕುದಿಸಿ, ಚಾಪೆಯ ಮೇಲೆ ಹರವಿ ಉತ್ತುತ್ತೆ ಮಾಡುತ್ತಾರೆ. ಕುದಿನೀರು ಸಿಡಿದು ಯಾರಾದರೊಬ್ಬರು ಆಸ್ಪತ್ರೆಗೆ ಬಾರದ ವರ್ಷ ಇರಲಿಲ್ಲ.

ಹದಿನೆಂಟನೆಯ ವರ್ಷದ ಚುನಾವಣೆಗೆ ಪಕ್ಷದವರು ಮಹಿಳಾ ಮೀಸಲು ಸ್ಥಾನಗಳ ಪಟ್ಟಿ ಕೊಡಬೇಕಿತ್ತು. ಪಕ್ಷ ಎಷ್ಟು ಗೆಲ್ಲುತ್ತದೋ ಅದಕ್ಕೆ ತಕ್ಕಂತೆ ಪಟ್ಟಿಯ ಮೇಲಿನಿಂದ ಅಷ್ಟು ಹೆಂಗಸರು ಸದನಕ್ಕೆ ಹೋಗುತ್ತಾರೆ. ಜಮೀನ್ದಾರ ಜಮನ್ ಖಾನರು ಮಗಳ ಹೆಸರು ಬರೆಸಿದ್ದರು. ಅವಳ ಬಳಿ ಹೊರದೇಶದ ಪಾಸ್‌ಪೋರ್ಟ್ ಇದೆಯೆಂದು, ಅಂಥವರು ನಿಲ್ಲುವಂತಿಲ್ಲವೆಂದು ಕೊನೆಯ ದಿನ ಪಕ್ಷದವರಿಗೆ ತಿಳಿಯಿತು. ಕಾಗದಪತ್ರ ಸರಿಯಾಗಿರುವ ಹೆಂಗಸು ಬೇಕೆಂದು ಅವರ ಗುಮಾಸ್ತ ಆಸ್ಪತ್ರೆಗೆ ಓಡಿ ಬಂದ.

"ಬರೀ ಹೆಸರು ಸಾಕು ಅದಿ," ಅಂದ. ನಮ್ಮಲ್ಲಿ ಅಕ್ಕನನ್ನು ಕರೆಯುವುದೇ ಹಾಗೆ. "ಹದಿನೇಳನೇ ನಂಬರು. ಅಲ್ಲೀತನಕ ಹೇಗೂ ಬರಲ್ಲ."

"ಅಚ್ಚಲ್ಲಿ ಬರುತ್ತಾ?"

"ಬರುತ್ತೆ."

"ಹಾಗಾದ್ರೆ ಬರ್ಕೋ. ಅಚ್ಚಲ್ಲಿ ನನ್ನ ಹೆಸರು ನೋಡೇ ಇಲ್ಲ ನಾನು."

ಪಕ್ಷ ಯಾರೂ ಎಣಿಸದಷ್ಟು ಗೆದ್ದಿತು. ಹದಿನೇಳನೆಯ ಹೆಸರೂ ಕರಾಚಿಗೆ ಹೋಯಿತು.

ಮೊದಲ ವರ್ಷ ಅವಳು ಹಿಂದಿನ ಸಾಲಿನಲ್ಲಿ ಕೂತು ಬಂದಳು ಅಷ್ಟೆ. "ಕೈ ಎತ್ತು ಅಂದಾಗ ಎತ್ತಮ್ಮ, ಇಳಿಸು ಅಂದಾಗ ಇಳಿಸು," ಎಂದು ಜಮನ್ ಖಾನರು ಹೇಳಿ ಕಳಿಸಿದ್ದರು. ಅವಳ ಗಂಡ, ನನ್ನ ಭಾವ ಇಮ್ದಾದ್, ಶಾಲಾ ಮೇಷ್ಟ್ರು. ದಿನಾ ಸಂಜೆ ಫೋನು ಮಾಡಿ ಕೆಣಕುತ್ತಿದ್ದರು.

"ಇವತ್ತು ಏನು ಭಾಷಣ ಆಯ್ತು?"

"ಚಹಾಕ್ಕೆ ಸಕ್ಕರೆ ಕಮ್ಮಿ ಅಂದೆ."

"ಸರ್ಕಾರ ಏನಂತು?"

"ಪರಿಶೀಲಿಸ್ತಾರಂತೆ."

ಎರಡನೆಯ ವರ್ಷದ ಸುಗ್ಗಿಯಲ್ಲಿ ಅವಳು ಊರಿಗೆ ಬಂದಿದ್ದಾಗ ಜಾದುಲ್ ಎಂಬವಳ ಬಲಗೈ ಮೊಣಕೈವರೆಗೂ ಸುಟ್ಟಿತು. ರಾಬೇಲ್ ಹಳೆಯ ರೂಢಿಯಂತೆ ಆಸ್ಪತ್ರೆಗೆ ಹೋಗಿ ಪಟ್ಟಿ ಕಟ್ಟಲು ಕೂತಳು. ಜಾದುಲ್ ನೋವಿನಲ್ಲೂ ಮೆಲ್ಲಗೆ ಕೇಳಿದಳು.

"ಅದಿ, ಮುಲಾಮು ಹಚ್ಚೋಕೆ ಇಲ್ಲಿ ಬೇರೆ ಹುಡುಗಿ ಬಂದಿದಾಳಲ್ಲ. ನೀನೀಗ ಅಲ್ಲಿ ಏನು ಮಾಡ್ತೀಯ?"

ಅದರಲ್ಲಿ ಚುಚ್ಚುಮಾತು ಇರಲಿಲ್ಲ, ತಿಳಿಯುವ ಆಸೆಯಷ್ಟೇ ಇತ್ತು. ರಾಬೇಲ್ ಪಟ್ಟಿಯ ತುದಿಗೆ ಗಂಟು ಹಾಕಿದಳು. ಆ ದಿನ ಅವಳು ಊಟಕ್ಕೆ ಕೂತವಳು ರೊಟ್ಟಿ ಮುರಿದುಕೊಂಡು ಹಾಗೇ ಇದ್ದಳು.

ಮುಂದಿನ ಸಲ ಕರಾಚಿಯಿಂದ ಬರುವಾಗ ಸದನದ ನಿಯಮಗಳ ಪುಸ್ತಕ ತಂದಳು. ಒಲೆಯ ಮುಂದೆ ಇಮ್ದಾದ್ ಭಾವ ಓದಿ ಹೇಳುವುದು, ಅವಳು ರೊಟ್ಟಿ ತಟ್ಟುತ್ತಾ ಕೇಳುವುದು, ನಾನು ಪ್ರಶ್ನೆಯನ್ನು ದುಂಡಗೆ ಬರೆಯುವುದು. ಖರ್ಜೂರ ಕುದಿಸಿ ಒಣಗಿಸುವ ಕಣಗಳಲ್ಲಿ ಕೂಲಿ ಹೆಂಗಸರ ರಕ್ಷಣೆಗೆ ಏನು ಏರ್ಪಾಡಿದೆ, ಇಷ್ಟೇ ಪ್ರಶ್ನೆ. ಮೂರು ಅಧಿವೇಶನಗಳಲ್ಲಿ ಅದರ ಸರದಿಯೇ ಬರಲಿಲ್ಲ. ನಾಲ್ಕನೆಯದರಲ್ಲಿ ಬರುತ್ತದೆಂದು ಗೊತ್ತಾದಾಗ ನನ್ನನ್ನೂ ಜಾದುಲ್‌ಳನ್ನೂ ಬಸ್ಸು ಹತ್ತಿಸಿಕೊಂಡು ಹೋದಳು.

ನಾವಿಬ್ಬರೂ ಮೇಲಿನ ಗ್ಯಾಲರಿಯಲ್ಲಿ ಕೂತೆವು. ಮಂತ್ರಿ ಎದ್ದು ನಿಂತು ಕಾಗದ ನೋಡಿ ನಕ್ಕರು.

"ಮಾನ್ಯ ಸದಸ್ಯೆ ಖರ್ಜೂರದ ವಿಷಯ ಎತ್ತಿದಾರೆ. ಒಂದು ಬುಟ್ಟಿ ತಂದಿದ್ರೆ ನನ್ನ ಉತ್ತರ ಇನ್ನೂ ಸಿಹಿಯಾಗಿರ್ತಿತ್ತು."

ಸದನವೆಲ್ಲ ನಕ್ಕಿತು. ರಾಬೇಲ್ ನಗು ನಿಲ್ಲುವವರೆಗೆ ಕಾದಳು.

"ಬುಟ್ಟಿ ನಾಳೆ ಕಳಿಸ್ತೀನಿ ಸಾಹೇಬ್ರೆ. ಇವತ್ತು ಅದನ್ನ ಬೇಯಿಸೋಳನ್ನ ಕರ್ಕೊಂಡು ಬಂದಿದೀನಿ. ಮೇಲೆ ಕೂತಿದಾಳೆ, ಹಸಿರು ದುಪಟ್ಟಾ. ಉತ್ತರ ಅವಳಿಗೇ ಹೇಳಿಬಿಡಿ."

ಎಲ್ಲರೂ ತಲೆ ಎತ್ತಿದರು. ಜಾದುಲ್‌ಗೆ ಏನು ಮಾಡಬೇಕೆಂದು ತೋಚಲಿಲ್ಲ. ದೊಡ್ಡವರು ನೋಡುತ್ತಿದ್ದಾರೆಂದು ಸಲಾಮಿಗೆ ಕೈ ಎತ್ತಿದಳು. ಅಂಗಿಯ ತೋಳು ಕೆಳಗೆ ಜಾರಿತು. ಮೊಣಕೈವರೆಗೆ ಸುಕ್ಕುಗಟ್ಟಿದ ಚರ್ಮ ಎಲ್ಲರಿಗೂ ಕಂಡಿತು. ಮಂತ್ರಿ ಕಾಗದ ಕೆಳಗಿಟ್ಟರು. ಮುಂದಿನ ಸುಗ್ಗಿಯೊಳಗೆ ತಾವೇ ಬಂದು ನೋಡುವುದಾಗಿ, ಈ ಸಲ ನಗದೆ, ಹೇಳಿದರು.

ಬಂದರು ಕೂಡ. ಕೊಪ್ಪರಿಗೆಗಳ ಸುತ್ತ ಎದೆಮಟ್ಟದ ಗೋಡೆ, ಉದ್ದ ಹಿಡಿಯ ಜಾಲರಿ, ನೆರಳಿಗೆ ಚಪ್ಪರ, ಇವೆಲ್ಲ ಬಹುಪಾಲು ಕಣಗಳಿಗೆ ಬಂದವು. ಕಣ ನಡೆಸುವ ಕೆಲವು ವ್ಯಾಪಾರಿಗಳು ಇವತ್ತಿಗೂ ಮಾಡಿಲ್ಲ. ಮಾಡಿದವರಿಗೂ ಖರ್ಚಾಯಿತೆಂದು ಸಿಟ್ಟಿತ್ತು. ಅವರೆಲ್ಲ ಜಮನ್ ಖಾನರ ಗೆಳೆಯರು. ಮುಂದಿನ ಚುನಾವಣೆಯ ಪಟ್ಟಿಯಲ್ಲಿ ರಾಬೇಲ್ ಹೆಸರಿರಲಿಲ್ಲ. ಹೇಳಲು ಜಮನ್ ಖಾನರೇ ಮನೆಗೆ ಬಂದರು.

"ಈ ಸಲ ಹೆಂಗಸರಲ್ಲಿ ಪೈಪೋಟಿ ಜಾಸ್ತಿ ನೋಡಮ್ಮ."

"ಒಳ್ಳೇದೇ ಆಯ್ತಲ್ಲ. ಇನ್ನೊಂದು ಬಿಸ್ಕತ್ತು ತಗೊಳ್ಳಿ."

ನಾನು ಒಳಗೆ ಪಾತ್ರೆ ಕುಕ್ಕುತ್ತಿದ್ದೆ. ಅವಳು ಎರಡು ದಿನ ಚೆನ್ನಾಗಿ ನಿದ್ದೆ ಮಾಡಿದಳು. ಮೂರನೆಯ ದಿನ ತಲೆ ಬಾಚಿಸಿಕೊಳ್ಳುತ್ತಾ ಅಂದಳು: "ಊರಿನ ಕೌನ್ಸಿಲ್ ಚುನಾವಣೆಗೆ ನಿಲ್ತೀನಿ. ಪಕ್ಷದ ಹಂಗು ಬೇಡ. ಜನ ಬೇಕಂದ್ರೆ ಓಟು ಹಾಕ್ತಾರೆ."

ಅವಳಿಗೆ ಸಿಕ್ಕಿದ ಗುರುತು ಇಸ್ತ್ರಿ ಪೆಟ್ಟಿಗೆ. ಕಣದ ಹೆಂಗಸರಲ್ಲಿ ಅದನ್ನು ಬಳಸಿದವರು ಕಡಿಮೆ.

"ಇದೇನು ಅದಿ, ದೋಣಿಯಾ?"

"ದೋಣಿ ಅಂದ್ಕೊಂಡೇ ಮುದ್ರೆ ಒತ್ತು ತಾಯಿ."

ಮತದಾನದ ದಿನ ಜಾದುಲ್ ಒಂದು ಟ್ರ್ಯಾಕ್ಟರ್ ಹಿಡಿದು, ಕಣದಿಂದ ಕಣಕ್ಕೆ ಹೋಗಿ ಹೆಂಗಸರನ್ನು ತುಂಬಿಕೊಂಡು ಬಂದಳು. ಕೆಲವರ ಗಂಡಂದಿರು ಬೇಡವೆಂದರು. ಅವರನ್ನೂ ಅದೇ ಟ್ರ್ಯಾಕ್ಟರಿಗೆ ಹತ್ತಿಸಿದಳು. ರಾಬೇಲ್ ಮುನ್ನೂರ ಹನ್ನೆರಡು ಓಟಿನಿಂದ ಗೆದ್ದಳು. ಸಂಜೆ ಜಮನ್ ಖಾನರಿಂದ, ನಮ್ಮಲ್ಲಿ ಗೌರವಕ್ಕೆ ಹೊದಿಸುವ ಅಜ್ರಕ್ ಶಾಲು, ಹೊಸದು, ಬಂತು. ಅವಳು ಅದನ್ನು ಹೊದ್ದೇ ಎಲ್ಲರಿಗೂ ಚಹಾ ಕೊಟ್ಟಳು.

ಈಗ ಅವಳಿಗೆ ಐವತ್ತಾರು. ತಗಡಿನ ಮಾಡಿನ ಕೌನ್ಸಿಲ್ ಕಚೇರಿಯಲ್ಲಿ ಅವಳು ಜಗಳ ಬಿಡಿಸುತ್ತಾಳೆ, ನಾನು ಪಕ್ಕದಲ್ಲಿ ಅರ್ಜಿ ಬರೆದುಕೊಡುತ್ತೇನೆ. ಕರಾಚಿಯ ನೆನಪಾಗುವುದಿಲ್ಲವೇ ಎಂದು ಮೊನ್ನೆ ಯಾರೋ ಕೇಳಿದರು.

"ಸಮುದ್ರದ ಗಾಳಿ ಚೆನ್ನಾಗಿತ್ತು," ಅಂದಳು. ಆಮೇಲೆ ಚರಂಡಿಯ ಜಗಳಕ್ಕೆ ಬಂದ ಅಣ್ಣತಮ್ಮಂದಿರ ಕಡೆ ತಿರುಗಿ, "ಮೊದಲು ಯಾರು ಹೇಳ್ತೀರಿ?" ಎಂದು ಕೇಳಿದಳು.