ಕುರಿಮರಿಗೆ ನೀರೆರೆದ ದಿನ

ಹೋದ ವಾರ ಶಿವಮೊಗ್ಗದ ಗೋಪಾಳದಿಂದ ಮಗಳು ಬಂದಿದ್ದಳು. ಸುಮ್ಮನೆ ಕೂರುವ ಪೈಕಿ ಅಲ್ಲ ಅವಳು. ಆ ಗುಣ ಎಲ್ಲಿಂದ ಬಂತು ಎಂದು ಕೇಳಿದರೆ ನಮ್ಮ ಮನೆಯವರು ನನ್ನ ಮುಖ ನೋಡುತ್ತಾರೆ. ನಾನು ಭದ್ರಾವತಿ ಪೇಟೆಗೆ ಹೋಗಿ ಕುರಿಗಳಿಗೆ ಹಿಂಡಿ ತರುವಷ್ಟರಲ್ಲಿ ಮನೆಯ ಹೊದಿಕೆಗಳನ್ನೆಲ್ಲ ಒಗೆದು ತಂತಿಗೆ ಹಾಕಿದ್ದಳು. ಸಾಲಿನ ಕೊನೆಯಲ್ಲಿ ನೀರು ಸೋರಿಸುತ್ತ ನೇತಾಡುತ್ತಿದ್ದದ್ದು ನನ್ನ ಕರಿಕಂಬಳಿ. ಓಡಿಹೋಗಿ ಮುಖಕ್ಕೆ ಒತ್ತಿಕೊಂಡೆ. ಗಂಧದ ಸೋಪಿನ ವಾಸನೆ!

"ಉಣ್ಣೆ ಅಲ್ವಾ ಅಮ್ಮ, ಹಾಳಾಗಬಾರ್ದು ಅಂತ ಪೌಡರ್ ಹಾಕ್ಲಿಲ್ಲ. ಮೈ ಸೋಪಲ್ಲೇ ಮೆತ್ತಗೆ ತೊಳ್ದೆ" ಎಂದಳು ಮಗಳು, ಭೇಷ್ ಎನ್ನಿಸಿಕೊಳ್ಳುವ ಆಸೆಯಿಂದ.

ನನಗೆ ಅಳು ಬಂತು, ಅದರ ಹಿಂದೆಯೇ ನಗುವೂ ಬಂತು. ಬೈಯುವ ಬಾಯಿ ನನಗಿರಲಿಲ್ಲ. ಇದೇ ಸೋಪಿನಿಂದ ಇದೇ ತಪ್ಪನ್ನು ನಾನು ಮೊದಲು ಮಾಡಿ ಮುಗಿಸಿದ್ದೆ...

ಐದಾರು ವರ್ಷದ ಹಿಂದಿನ ಮಾತು. ಮನೆಯವರು ನಿವೃತ್ತರಾದ ಮೇಲೆ ಭದ್ರಾವತಿಯ ಬಾಡಿಗೆ ಮನೆ ಬಿಟ್ಟು, ಹೊಳೆಹೊನ್ನೂರು ರಸ್ತೆಯ ಬದಿಯಲ್ಲಿ ಸಣ್ಣದೊಂದು ಮನೆ ಕಟ್ಟಿಕೊಂಡೆವು. ಹಿಂದೆ ಅರ್ಧ ಎಕರೆ ಖಾಲಿ ಜಾಗ. ನನ್ನ ಕೈಯೂ ಖಾಲಿ. ಅದಕ್ಕೆ ಮುಂಚೆ ನನಗೊಂದು ಹೆಸರಿತ್ತು. ನಮ್ಮ ಬಳಗದಲ್ಲಿ ಯಾರಿಗೆ ಹೆರಿಗೆಯಾದರೂ ಕೂಸಿಗೆ ನೀರೆರೆಯಲು ನನಗೇ ಹೇಳಿಕಳಿಸುತ್ತಿದ್ದರು. ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ದು, ಸಾಂಬ್ರಾಣಿ ಹೊಗೆ ಹಿಡಿದು, ಕೆನ್ನೆಗೊಂದು ದೃಷ್ಟಿಬೊಟ್ಟಿಟ್ಟು ಮಲಗಿಸಿದರೆ ಕೂಸು ಮೂರು ಗಂಟೆ ಮಿಸುಕುತ್ತಿರಲಿಲ್ಲ. ಆಮೇಲಾಮೇಲೆ ಡಾಕ್ಟರುಗಳು ಎಣ್ಣೆ ಬೇಡ, ಹೊಗೆ ಬೇಡ ಎನ್ನತೊಡಗಿದರು. ನನ್ನನ್ನು ಕರೆಯುವವರು ಇಲ್ಲವಾದರು. ಕೈಗೆ ಕೆಲಸವಿಲ್ಲದಿದ್ದರೆ ನನ್ನ ಬಾಯಿ ಜೋರಾಗುತ್ತದೆ ಎಂಬುದು ಮನೆಯವರ ಅನುಭವ. ಹಾಗಾಗಿ, ಫೋನಿನಲ್ಲಿ ನಾಲ್ಕು ವಿಡಿಯೋ ನೋಡಿ "ಕುರಿ ಸಾಕ್ತೀನಿ" ಎಂದಾಗ ಅವರು ಬೇಡವೆನ್ನಲಿಲ್ಲ.

ಎರಡು ಹೊಲದಾಚೆ ಒಬ್ಬ ಅಜ್ಜಿ ಇದ್ದರು. ಹುಟ್ಟಿದ್ದೇ ಕುರಿ ಹಟ್ಟಿಯಲ್ಲಂತೆ. ನಮ್ಮ ರಸ್ತೆಯ ಜನಕ್ಕೆಲ್ಲ ಅವರು ಕುರಿಯಜ್ಜಿ. ಬಿಸಿಲಿರಲಿ ಚಳಿಯಿರಲಿ, ಹೆಗಲ ಮೇಲೆ ಕರಿಕಂಬಳಿ. ಅದರ ಅಂಚಿನ ಗಂಟಿನಲ್ಲಿ ಬಾಯಿಗೆ ಹಾಕಿಕೊಳ್ಳುವ ಹೊಗೆಸೊಪ್ಪು, ಕಡ್ಡಿಪುಡಿ. ಅವರು ಬಂದರೆಂದು ನೋಡಿ ತಿಳಿಯಬೇಕಿರಲಿಲ್ಲ. ಕುರಿ, ಹುಣಸೆಬೀಜದ ಗಂಜಿ ಹಾಕಿದ ಉಣ್ಣೆ, ಕಡ್ಡಿಪುಡಿ ಮೂರೂ ಸೇರಿದ ವಾಸನೆ ಮೊದಲು ಗೇಟು ದಾಟಿ ಬರುತ್ತಿತ್ತು. ನಾನು ಮೊದಮೊದಲು ಮೂಗಿಗೆ ಸೆರಗು ಹಿಡಿಯುತ್ತಿದ್ದೆ. ಅಜ್ಜಿಗೆ ಅದು ಗೊತ್ತಾಗುತ್ತಿತ್ತು, ಬೇಕೆಂದೇ ಇನ್ನೂ ಹತ್ತಿರ ಬಂದು ಕೂರುತ್ತಿದ್ದರು.

ಅವರು ನನಗೆ ನಾಲ್ಕು ಹೆಣ್ಣು ಕುರಿಗಳನ್ನು ಪಾಲಿಗೆ ಕೊಟ್ಟರು. ಅಂದರೆ ಕುರಿ ಅವರದು, ಆರೈಕೆ ನನ್ನದು, ಹುಟ್ಟುವ ಮರಿಗಳಲ್ಲಿ ಇಬ್ಬರಿಗೂ ಸಮಪಾಲು. ನಾಲ್ಕರಲ್ಲಿ ಒಂದು ಗಬ್ಬವಾಗಿತ್ತು. ಅದರ ಬೆನ್ನು ಸವರುತ್ತ ಅಜ್ಜಿ ಒಂದು ಷರತ್ತು ಹಾಕಿದರು.

"ನೋಡು ಮಾರಾಯ್ತಿ, ಇದ್ರ ಮರೀನ ನೀನು ಉಳಿಸ್ಕೊಂಡ್ರೆ ಕುರಿ ನಿನ್ನ ಹತ್ರ ಇರ್ತವೆ. ನಿನ್ನ ತಪ್ಪಿಂದ ಮರಿ ಹೋಯ್ತೋ, ನಾಲ್ಕನ್ನೂ ವಾಪಸ್ ಹೊಡ್ಕೊಂಡು ಹೋಗ್ತೀನಿ. ಆಮೇಲೆ ಅಳಬಾರ್ದು."

ನಾನು ಒಪ್ಪಿದೆ. ಬಳಗದ ಕೂಸುಗಳನ್ನೆಲ್ಲ ಎತ್ತಿ ಆಡಿಸಿದವಳಿಗೆ ಒಂದು ಕುರಿಮರಿ ಯಾವ ಲೆಕ್ಕ?

ಕಲಿಯಲು ಒಂದು ನೋಟ್‌ಬುಕ್ ಇಟ್ಟುಕೊಂಡೆ. ಇಬ್ಬನಿ ಆರುವ ತನಕ ಕುರಿಗಳನ್ನು ಹೊರಗೆ ಬಿಡಬಾರದು. ಕಣ್ಣಿನ ರೆಪ್ಪೆ ಮಡಚಿ ನೋಡಬೇಕು, ಒಳಗೆ ಕೆಂಪಿದ್ದರೆ ಸರಿ, ಬಿಳಿಚಿದ್ದರೆ ಹೊಟ್ಟೆಯಲ್ಲಿ ಹುಳು. ಮಳೆಗಾಲದಲ್ಲಿ ಗೊರಸಿನ ಸಂದು ನೋಡಬೇಕು. ಅಜ್ಜಿ ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. "ಬರ್ಕೋ, ಬರ್ಕೋ. ಕುರಿಗೆ ಓದಿ ಹೇಳು" ಎಂದು ಅವರು ಬೊಚ್ಚುಬಾಯಿ ಬಿಟ್ಟು ನಗುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಆದರೂ ಮರುದಿನ ಅವರು ಬರುವುದು ಹತ್ತು ನಿಮಿಷ ತಡವಾದರೆ ಗೇಟಿನ ಹತ್ತಿರ ಹೋಗಿ ನಿಲ್ಲುತ್ತಿದ್ದವಳೂ ನಾನೇ.

ಸಂಕ್ರಾಂತಿಯ ಆಸುಪಾಸು, ಮೈ ಕೊರೆಯುವ ಚಳಿ. ಅಜ್ಜಿ ಹಿಂದಿನ ದಿನವೇ ಶಿವಮೊಗ್ಗಕ್ಕೆ, ಆಲ್ಕೊಳದ ತಂಗಿ ಮನೆಗೆ ಹೋಗಿದ್ದರು. ಬೆಳಿಗ್ಗೆ ಎದ್ದು ಕೊಟ್ಟಿಗೆಗೆ ಹೋದರೆ ಕುರಿ ಆಗಷ್ಟೇ ಮರಿ ಹಾಕಿತ್ತು. ಹೆಣ್ಣುಮರಿ. ಮೈಯೆಲ್ಲ ಹಳದಿ ಲೋಳೆ, ರಕ್ತ, ಹುಲ್ಲುಕಡ್ಡಿ. ತಾಯಿ ನೆಕ್ಕಲು ಶುರು ಮಾಡಿತ್ತು. ಅಯ್ಯೋ ಕೂಸೇ, ಹೀಗೆ ಗಲೀಜಾಗಿ ಬಿದ್ದಿದ್ದೀಯಲ್ಲೇ ಎಂದು ನನ್ನ ಕರುಳು ಚುರುಕ್ ಎಂದಿತು. ನನ್ನ ನೋಟ್‌ಬುಕ್‌ನಲ್ಲಿ ಇದರ ಬಗ್ಗೆ ಏನೂ ಇರಲಿಲ್ಲ. ಆದರೆ ಕೈಗೆ ಗೊತ್ತಿತ್ತಲ್ಲ!

ಮರಿಯನ್ನು ಬಚ್ಚಲಿಗೆ ಎತ್ತಿಕೊಂಡು ಹೋದೆ. ಕಾಲು ಚಾಚಿ ಕೂತು ಅದರ ಮೇಲೆ ಮಲಗಿಸಿಕೊಂಡೆ. ಬಿಸಿನೀರು, ಗಂಧದ ಸೋಪು. ಹಳೆಯ ಪಂಚೆಯಲ್ಲಿ ಒರೆಸಿ, ಸಾಂಬ್ರಾಣಿ ಹೊಗೆ ಹಿಡಿದು, ಹಣೆಗೆ ಕಾಡಿಗೆಯ ಬೊಟ್ಟೂ ಇಟ್ಟೆ. ಮನೆಯವರು ಫೋಟೋ ತೆಗೆದರು. ಅಷ್ಟರಲ್ಲಿ ಮರಿಯ ಹಿಂದೆ ಬರುವ ಮಾಸು ಚೀಲವೂ ಬಿದ್ದಿತ್ತು. ಅದನ್ನು ಕರಿಬೇವಿನ ಗಿಡದ ಬುಡದಲ್ಲಿ ಹೂತು, ಕೊಟ್ಟಿಗೆ ತೊಳೆದು, ನಾನೂ ಸ್ನಾನ, ಪೂಜೆ ಮುಗಿಸಿ, ಮರಿಯನ್ನು ತಾಯಿಯ ಮುಂದೆ ಬಿಟ್ಟೆ.

ತಾಯಿ ಮೂಸಿತು. ಕಾಲಿನಿಂದ ನೆಲ ಬಡಿಯಿತು. ತಲೆ ತಗ್ಗಿಸಿ ಒಂದು ಗುದ್ದು ಕೊಟ್ಟಿತು ನೋಡಿ, ಮರಿ ಗೋಡೆಗೆ ಹೋಗಿ ಬಿತ್ತು. ಮತ್ತೆ ಬಿಟ್ಟೆ, ಮತ್ತೆ ಗುದ್ದು. ಅರ್ಧ ಗಂಟೆಯಲ್ಲಿ ಮರಿ ಎದ್ದು ನಿಲ್ಲುವುದನ್ನೂ ಬಿಟ್ಟು ನಡುಗುತ್ತ ಮೂಲೆ ಸೇರಿತು.

ಅಜ್ಜಿಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡರು. ಆಮೇಲೆ ಆ ಕಡೆಯಿಂದ ಒಂದು ಕೂಗು ಬಂತು.

"ಕುರಿಮರಿಗೆ ನೀರೆರೆದ್ಯಾ? ನಿನ್ನ ತಲೆ ಮೇಲೆ ಎರ್ಕೊಳ್ಳೋಕೆ ಏನಾಗಿತ್ತೇ?"

ಬೈಯುತ್ತಲೇ ಹೇಳಿದರು: ತಾಯಿಯನ್ನು ಗೋಡೆಗೆ ಒತ್ತಿ ಹಿಡಿದು ಗಿಣ್ಣುಹಾಲು ಕರೆದು ಮರಿಯ ಬಾಯಿಗೆ ಬಿಡು, ಬೆಚ್ಚಗಿಡು, ಈಗಲೇ ಬಸ್ಸು ಹತ್ತುತ್ತೇನೆ. ಮನೆಯವರು ಕುರಿ ಹಿಡಿದರು, ನಾನು ಚಮಚದಲ್ಲಿ ಹಾಲು ಬಿಟ್ಟೆ. ಒಂದಷ್ಟು ಒಳಗೆ ಹೋಯಿತು, ಒಂದಷ್ಟು ನನ್ನ ಸೀರೆಗೆ. ಅಜ್ಜಿ ಬರುವ ತನಕ ಮರಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ನಾಲ್ಕು ಕುರಿ ಹೊರಟುಹೋಗುತ್ತವೆ ಎಂಬುದು ಒಂದು ದುಃಖ. ಇಷ್ಟು ಮಕ್ಕಳಿಗೆ ಎರೆದ ಕೈಯೇ ಇದನ್ನು ಕೊಲ್ಲುತ್ತದಲ್ಲ ಎಂಬುದು ಅದಕ್ಕಿಂತ ದೊಡ್ಡದು. ನಾಚಿಕೆ ಬಿಟ್ಟು ಅತ್ತೆ.

ಅಜ್ಜಿ ಬಂದವರೇ ಮರಿಯನ್ನು ಎತ್ತಿ ಕಂಬಳಿಯೊಳಗೆ ಎದೆಗೆ ಒತ್ತಿಕೊಂಡರು. ನೆತ್ತಿ ಮೂಸಿ, "ಹ್ಞೂಂ, ಮದುವೆಗೆ ಹೊರಟ ಹಂಗೆ ಇದೆ" ಎಂದರು. "ಅದು ಮರಿ ಮುಖ ನೋಡಿ ಗುರುತು ಹಿಡಿಯಲ್ಲ ಕಣೇ, ಮೂಸಿ ಹಿಡಿಯುತ್ತೆ. ನೀನು ಗುರುತನ್ನೇ ತೊಳೆದು ಬಚ್ಚಲಿಗೆ ಬಿಟ್ಟಿದ್ದೀಯ. ಮಾಸು ಎಲ್ಲಿ?"

ಕರಿಬೇವಿನ ಬುಡ ತೋರಿಸಿದೆ.

"ಅಗಿ."

ಸ್ನಾನ, ಪೂಜೆ ಎಲ್ಲ ಮುಗಿಸಿದ್ದವಳು ನಾನು. ಮನೆಯವರ ಕಡೆ ನೋಡಿದೆ. ಅವರು ಮುಂದೆ ಬಂದರೆ ಅಜ್ಜಿ ತಡೆದರು. "ತೊಳೆದ ಕೈಯೇ ಬಳೀಬೇಕು." ಅಗೆದೆ. ಮಣ್ಣು ಕೊಡವಿ ಆ ಲೋಳೆಯನ್ನು ಮರಿಯ ನೆತ್ತಿ, ಬೆನ್ನು, ಬಾಲಕ್ಕೆಲ್ಲ ನನ್ನ ಎರಡೂ ಕೈಯಿಂದ ಸವರಿದೆ. ದೃಷ್ಟಿಬೊಟ್ಟು ಅದರಡಿ ಎಲ್ಲಿ ಹೋಯಿತೋ! ಮೇಲೆ ಚಿಟಿಕೆ ಉಪ್ಪು ಉದುರಿಸಿ ಅಜ್ಜಿ ಮರಿಯನ್ನು ತಾಯಿಯ ಮೂತಿಯ ಹತ್ತಿರ ಹಿಡಿದರು.

ಕುರಿ ಮೂಸಿ ಹಿಂದೆ ಸರಿಯಿತು. ಮತ್ತೆ ಬಂದು ಮೂಸಿತು. ಉಪ್ಪಿನ ರುಚಿಗೋ ಏನೋ ಒಂದು ಸಲ ನೆಕ್ಕಿತು, ಇನ್ನೊಂದು ಸಲ ನೆಕ್ಕಿತು, ಆಮೇಲೆ ಗಂಟಲಲ್ಲೇ ಗುರುಗುರು ಎಂದು ಒಂದು ಸಣ್ಣ ದನಿ ಮಾಡಿತು. "ಕರೀತಿದೆ" ಎಂದರು ಅಜ್ಜಿ, ಪಿಸುದನಿಯಲ್ಲಿ. ಮರಿ ತಡವರಿಸಿ ಕೆಚ್ಚಲು ಹುಡುಕಿ ಬಾಯಿ ಹಾಕಿತು. ಅದರ ಬಾಲ ಪಟಪಟ ಆಡತೊಡಗಿದ್ದೇ ಅಜ್ಜಿ ಅಲ್ಲೇ ಕುಕ್ಕರಗಾಲಲ್ಲಿ ಕೂತು ಕಡ್ಡಿಪುಡಿಯ ಗಂಟು ಬಿಚ್ಚಿದರು. ನನ್ನ ಕೈಯನ್ನು ಮೂಸಿ, "ಈಗ ನೀನು ಕುರಿ ಸಾಕೋಳು" ಎಂದು ನಕ್ಕರು.

ಮರಿಗೆ ಸಾಬೂನು ಎಂದು ಹೆಸರಿಟ್ಟವರೂ ಅವರೇ. ಕುರಿಗಳು ನನ್ನ ಹತ್ತಿರವೇ ಉಳಿದವು. ಈಗ ಹದಿನಾರಿವೆ. ಸಾಬೂನೇ ಐದು ಮರಿಗಳ ತಾಯಿ. ಅವಳ ಒಂದು ಮರಿಗೂ ನಾನು ನೀರು ಸೋಕಿಸಿಲ್ಲ.

ಹೋದ ವರ್ಷ ಅಜ್ಜಿ ಹಾಸಿಗೆ ಹಿಡಿದರು. ನೋಡಲು ಹೋದಾಗೆಲ್ಲ ಮೊದಲು ನನ್ನ ಕೈ ಎಳೆದು ಮೂಸುತ್ತಿದ್ದರು, ಆಮೇಲೆ ಮಾತು... ಅವರು ತೀರಿಕೊಂಡ ಹದಿನೈದು ದಿನಕ್ಕೆ ಅವರ ಸೊಸೆ ಕಂಬಳಿ ತಂದುಕೊಟ್ಟಳು. "ನೀರೆರೆಯೋ ಅಮ್ಮಂಗೆ ಕೊಡು ಅಂದಿದ್ರು" ಎಂದಳು. ಅಂದಿನಿಂದ ಅದು ನನ್ನ ಮಂಚದ ಮೇಲಿತ್ತು. ಮಲಗುವ ಮುಂಚೆ ಒಮ್ಮೆ ಮೂಸಿದರೆ ಅಜ್ಜಿ ಗೇಟಿನ ಹತ್ತಿರ ಬಂದ ಹಾಗಾಗುತ್ತಿತ್ತು. ಇದನ್ನು ಮಗಳಿಗೆ ಹೇಳಿರಲಿಲ್ಲ. ಈಗಲೂ ಹೇಳಲಿಲ್ಲ. "ಚೆನ್ನಾಗಿ ಒಗೆದಿದ್ದೀಯ" ಎಂದು ಕಳಿಸಿದೆ.

ಅವಳು ಹೋದ ಮೇಲೆ ಕಂಬಳಿಯನ್ನು ಕೊಟ್ಟಿಗೆಗೆ ಒಯ್ದು ನೆಲಕ್ಕೆ ಹಾಸಿದೆ. ಸಾಬೂನು ಬಂದು ಮೂಸಿ, ನೆಲಕ್ಕೆ ಕಾಲು ಬಡಿದು ಆಚೆ ಹೋದಳು, ಥೇಟ್ ಅವಳ ತಾಯಿ. ಎರಡನೇ ದಿನವೂ ಅಷ್ಟೇ. ನಾಲ್ಕನೇ ದಿನ ನೋಡಿದರೆ ನಟ್ಟನಡುವೆ ಮಲಗಿ ಮೆಲುಕು ಹಾಕುತ್ತಿದ್ದಳು.

ಇವತ್ತು ಬೆಳಿಗ್ಗೆ ಅವಳನ್ನು ಎಬ್ಬಿಸಿ ಕಂಬಳಿ ಎತ್ತಿ ಮುಖಕ್ಕೆ ಒತ್ತಿಕೊಂಡೆ. ಕುರಿಯ ವಾಸನೆ ಬಂದಿತ್ತು. ಕಡ್ಡಿಪುಡಿಯದು ಇರಲಿಲ್ಲ. ಅಂಚಿನ ಗಂಟು ಹುಡುಕಿ ಅಲ್ಲಿಯೂ ಮೂಸಿದೆ... ಇರಲಿಲ್ಲ. ಸಾಬೂನು ನನ್ನನ್ನೇ ನೋಡುತ್ತ ನಿಂತಿದ್ದಳು. ಕಂಬಳಿಯನ್ನು ಮತ್ತೆ ಅವಳಿಗೆ ಹಾಸಿಕೊಟ್ಟು, ಅದರ ಮೇಲೆ ಅವಳ ಪಕ್ಕದಲ್ಲೇ ಸ್ವಲ್ಪ ಹೊತ್ತು ನಾನೂ ಕೂತೆ.