ಓರಗಿತ್ತಿಯ ಕಲ್ಲಿನ ಚಕ್ಕೆ

ಕೋಟೆ ದಿಬ್ಬದ ಪುರಾತತ್ವ ಅಗೆತದಲ್ಲಿ ಎಲ್ಲರೂ ಅವಳನ್ನು ಮಡಕೆಯಮ್ಮ ಎನ್ನುತ್ತಿದ್ದರು. ಸಣ್ಣದೊಂದು ಚೂರನ್ನು ಬೆರಳಲ್ಲಿ ತಿರುಗಿಸಿ, ಅದು ಯಾವ ಕಾಲದ ಮಡಕೆ ಎಂದು ಹೇಳಿಬಿಡುವವಳು. ಮೇಲಿನ ಪದರದಲ್ಲಿ ಕೋಟೆ, ಅದರಡಿ ವರ್ತಕರ ಮನೆಗಳು, ಅವುಗಳಡಿ ಇಟ್ಟಿಗೆ ಗೋಡೆ. ಅಲ್ಲಿಂದಲೇ ಊರು ಶುರು, ಇನ್ನೂ ಕೆಳಗಿರುವುದು ಬರಿ ಮಣ್ಣು ಎಂದು ಅವಳು ಬರೆದದ್ದನ್ನು ಯಾರೂ ಪ್ರಶ್ನಿಸಿರಲಿಲ್ಲ.

ಪ್ರಶ್ನಿಸಿದವಳು ಮನೆಯೊಳಗಿಂದಲೇ ಬಂದಳು. ಮೈದುನ ಮದುವೆಯಾದ ಹುಡುಗಿ ಕಲ್ಲಿನ ಆಯುಧಗಳ ಬಗ್ಗೆ ಓದಿಕೊಂಡವಳು. ಕೆಲಸಕ್ಕೆ ಸೇರಿದವಳೇ ಆ ಬರಿ ಮಣ್ಣನ್ನು ಜರಡಿ ಹಿಡಿದು, ಉಗುರಿನಷ್ಟು ಕಲ್ಲಿನ ಚಕ್ಕೆಗಳನ್ನು ಆರಿಸಿ ತಂದಳು. ಲೋಹ ಕಾಣದ ಕಾಲದ ಜನ ಮಾಡಿದ್ದು ಎಂದಳು. ಅಗೆತದ ನಿರ್ದೇಶಕರು ಕನ್ನಡಕ ಹಣೆಗೇರಿಸಿ ನೋಡಿ ಶಹಬ್ಬಾಸ್ ಎಂದರು.

ಮಡಕೆಯಮ್ಮನ ಹೊಟ್ಟೆಗೆ ಬೆಂಕಿ ಬಿತ್ತು. ಕೋಟೆ ಕಟ್ಟಿದ ಕಲ್ಲುಕುಟಿಗರ ಉಳಿಯಿಂದ ಹಾರಿದ ಚಕ್ಕೆ, ಹೆಗ್ಗಣದ ಬಿಲದಲ್ಲಿ ಕೆಳಗಿಳಿದಿದೆ ಎಂದು ಸಿಕ್ಕವರಿಗೆಲ್ಲ ಹೇಳಿದಳು. ಮನೆಯಲ್ಲಿ ಇನ್ನೂ ಕಷ್ಟ. ಇಷ್ಟು ವರ್ಷ ಅವಳ ಚೂರುಗಳಿಗೆ ಮೂಗು ಮುರಿಯುತ್ತಿದ್ದ ಅತ್ತೆ, ಚಿಕ್ಕ ಸೊಸೆಯ ಚಕ್ಕೆಯ ಫೋಟೊವನ್ನು ಪಕ್ಕದ ಮನೆಯವರಿಗೆಲ್ಲ ತೋರಿಸಿ ಬಂದರು. ಓರಗಿತ್ತಿಯೋ ಬಾಯ್ತುಂಬ ಅಕ್ಕ ಎನ್ನುತ್ತಾಳೆ, ಪಾತ್ರೆ ತೊಳೆಯಲು ಓಡಿ ಬರುತ್ತಾಳೆ. ಕೆಟ್ಟವಳಾಗಿದ್ದರೆ ಬೈದಾದರೂ ಹಗುರಾಗಬಹುದಿತ್ತು.

ಅವಳ ಮಾತು ಸುಳ್ಳೆಂದು ತೋರಿಸಲು ಮಡಕೆಯಮ್ಮ ತಾನೇ ಜಾಗ ಆರಿಸಿದಳು. ಇಟ್ಟಿಗೆ ಗೋಡೆಯ ಕಾಲದ ಒಂದು ಕೋಣೆ, ಬಿರುಕೇ ಇಲ್ಲದ ಗಾರೆ ನೆಲ. ಹೆಗ್ಗಣ ಹೊಕ್ಕಿರಲು ಸಾಧ್ಯವಿಲ್ಲ. ಹಾಗಾಗಿ ಅದರ ಕೆಳಗೆ ಚಕ್ಕೆಯೂ ಇರಲಾರದು. ನೆಲದ ಒಂದು ಚೌಕ ಬಿಡಿಸಿ, ಮಿಕ್ಕವರು ಊಟಕ್ಕೆ ಹೋದರೂ ಕೂತು ಕೆರೆದಳು. ಕರಣೆಯ ತುದಿಗೆ ಬೂದಿ ಹತ್ತಿತು. ಸುತ್ತ ಸುಟ್ಟ ಕಲ್ಲುಗಳು, ನಡುವೆ ಕಲ್ಲಿನದೊಂದು ಅಲಗು. ಮಡಕೆ ಚೂರು ಒಂದೂ ಇಲ್ಲ. ಮಡಕೆ ಮಾಡಲು ಕಲಿಯುವ ಮೊದಲೇ ಯಾರೋ ಅಲ್ಲಿ ಒಲೆ ಹೂಡಿದ್ದರು.

ಅಲಗನ್ನು ಜೇಬಿಗಿಳಿಸಿ ಬೂದಿ ಕೆದಕಿಬಿಟ್ಟರೆ ಯಾರಿಗೂ ತಿಳಿಯದು. ಅವಳು ಅದನ್ನು ಯೋಚಿಸಿದಳು, ಸಾಕಷ್ಟು ಹೊತ್ತೇ ಯೋಚಿಸಿದಳು. ಆಮೇಲೆ ಎದ್ದು ಓರಗಿತ್ತಿಯನ್ನು ಕೂಗಿದಳು.

"ನೀನು ಹೇಳಿದ್ದೇ ಸರಿ. ಬಂದು ನೋಡು."

ಚಿಕ್ಕವಳು ಮಂಡಿಯೂರಿ ನೋಡಿದಳು. ಅವಳ ಕಣ್ಣು ತುಂಬಿತು. "ಅಕ್ಕ, ನನಗೆ ಸಿಕ್ಕಿದ್ದು ಜರಡೀಲಿ. ಇರೋ ಜಾಗದಲ್ಲೇ ಹಿಡಿದು ತೋರಿಸಿದ್ದು ನೀವು. ವರದೀಲಿ ನಿಮ್ಮ ಹೆಸರೇ ಮೊದಲು ಬರಲಿ."

"ನೀನು ಕೊಟ್ಟು ನಾನು ಇಸ್ಕೊಳ್ಳೋದು ಬೇಡ," ಎಂದಳು ಮಡಕೆಯಮ್ಮ.

ಓರಗಿತ್ತಿಯ ಹೆಸರೇ ಮೊದಲು ಬಂತು. ಅತ್ತೆ ಮತ್ತೊಂದು ಸುತ್ತು ಸಾರಿ ಬಂದರು. ಮಡಕೆಯಮ್ಮನ ಹೊಟ್ಟೆಯುರಿ ಮಾತ್ರ ತಣ್ಣಗಾಗಲಿಲ್ಲ. ಮುಂದಿನ ವರ್ಷ ಚಿಕ್ಕವಳನ್ನು ನದಿಯಾಚೆಯ ದಿಬ್ಬದ ಅಗೆತಕ್ಕೆ ಹಾಕುತ್ತಾರೆಂಬ ಸುದ್ದಿ ಕಿವಿಗೆ ಬಿದ್ದದ್ದೇ, ಅವಳು ನಿರ್ದೇಶಕರ ಕೋಣೆಗೆ ಹೋಗಿ ನಿಂತಳು.

"ನನ್ನನ್ನೂ ಅಲ್ಲಿಗೇ ಹಾಕಿ ಸರ್. ಈ ಸಲ ತಳ ನಾನು ಮೊದಲು ಮುಟ್ತೀನಿ."