ಕಪ್ಪು ವೈರಿನ ಜಾಗ

ಬೆಳಿಗ್ಗೆ ಒಂಬತ್ತು ಗಂಟೆ ಹದಿನೇಳು ನಿಮಿಷಕ್ಕೆ ಮೀಟರಣ್ಣ ತನ್ನ ಅಕ್ಕನ ಹಳೇ ಕಾರಿನ ಬಾನೆಟ್ಟಿನೊಳಗೆ ಸೊಂಟದವರೆಗೆ ಇಳಿದು, ಬ್ಯಾಟರಿ ತುಂಬಿಸುವ ಡೈನಮೋದ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದ. ಅರ್ಧ ಇಂಚು ತಗ್ಗಿತು. ಎಷ್ಟು ತಗ್ಗಬೇಕೋ ಅಷ್ಟೇ. ಅವನ ತಲೆನೋವೂ ಅದೇ: ಎಲ್ಲವೂ ಸರಿಯಾಗಿತ್ತು, ಕಾರು ಮಾತ್ರ ದಿನ ಬಿಟ್ಟು ದಿನ ಬೀದಿಯಲ್ಲಿ ಮಲಗುತ್ತಿತ್ತು.

"ಹತ್ತೂವರೆಗೆ ಗುಜರಿಯವನು ಬರ್ತಾನೆ," ಎಂದಳು ಸ್ಟೂಲಿನ ಮೇಲೆ ಕೂತಿದ್ದ ಅಕ್ಕ. "ಹಗ್ಗಾನೂ ಅವನೇ ತರ್ತಾನಂತೆ."

"ಸ್ವಲ್ಪ ಟೈಮ್ ಕೊಡಕ್ಕಾ."

"ಒಂದು ತಿಂಗಳು ಕೊಟ್ಟಿದೀನಿ ಕಣೋ. ನಿನ್ನೆ ಆಸ್ಪತ್ರೆ ಮುಂದೆ ಆಂಬುಲೆನ್ಸ್ ಡ್ರೈವರ್ ತಳ್ಳಿದ. ರೋಗಿಗಳು ಕಿಟಕೀಲಿ ನಿಂತು ನೋಡ್ತಿದ್ರು. ಎದ್ದು ಕೂರೋಕಾಗಲ್ಲ ಅಂತಿದ್ದವನೂ ಎದ್ದು ಬಂದಿದ್ದ!"

ಅಕ್ಕ ನರ್ಸು. ಅವಳು ಕೊಂಡ ಮೊದಲ ಕಾರು ಅದು. ಮೀಟರಣ್ಣ ಕೈಯಾರೆ ಬಿಚ್ಚಿ ಜೋಡಿಸಿದ ಮೊದಲ ಕಾರೂ ಅದೇ. ಆಗ ಮೂರು ಸ್ಕ್ರೂ ಮಿಕ್ಕಿದ್ದವು. ಅವನ್ನು ಇಂದಿಗೂ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾನೆ. ಆ ಕಾರು ಗುಜರಿಗೆ ಹೋದರೆ ತಾನೂ ಅರ್ಧ ಹೋದಂತೆ ಎಂದು ಅವನಿಗೆ ಅನ್ನಿಸುತ್ತಿತ್ತು. ಬಾಯಿಬಿಟ್ಟು ಹೇಳುವಂತಿರಲಿಲ್ಲ, ಹೇಳಿದರೆ ಅಕ್ಕ ಇನ್ನರ್ಧವನ್ನೂ ತೂಕಕ್ಕೆ ಹಾಕಿಸುವ ಪೈಕಿ.

ಅವನಿಗೆ ಆ ಹೆಸರು ಬಂದದ್ದು ತೊಗಲಿನ ಪೆಟ್ಟಿಗೆಯ ಮುಳ್ಳಿನ ಮೀಟರಿನಿಂದ. ಮೂವತ್ತೊಂದು ವರ್ಷದಿಂದ ಅವನ ಕ್ರಮ ಒಂದೇ. ಕೆಂಪು ವೈರು ಡೈನಮೋದ ತುದಿಗೆ, ಕಪ್ಪು ವೈರು ಕೈಗೆ ಹತ್ತಿರ ಸಿಕ್ಕ ಎಂಜಿನ್ನಿನ ಬೋಲ್ಟಿಗೆ. ಎಂಜಿನ್ ರೇಗಿಸಿ, ಮುಳ್ಳು ಕೊಂಚ ಆಚೀಚೆ ಇದ್ದರೂ, ಬೀದಿಗೆಲ್ಲ ಕೇಳುವಂತೆ "ಹದಿನಾಲ್ಕು ಪಾಯಿಂಟ್ ಎರಡು!" ಎಂದು ಕೂಗುವುದು. ಗಿರಾಕಿಗಳಿಗೆ ಅದು ಡಾಕ್ಟರು ಬೆನ್ನು ತಟ್ಟಿದ ಹಾಗೆ. ಹೆಂಡತಿಯ ಸಿಟ್ಟನ್ನೂ ಒಮ್ಮೆ ವೋಲ್ಟಿನಲ್ಲಿ ಹೇಳಲು ಹೋಗಿ, ರಾತ್ರಿ ಊಟ ತಾನೇ ಬಡಿಸಿಕೊಂಡಿದ್ದ.

ಈಗಲೂ, ಮುಲುಕುತ್ತಾ ಹತ್ತಿಕೊಂಡ ಎಂಜಿನ್ ರೇಗಿಸಿ, ಹಾಗೇ ಕೂಗಿದ. "ಹದಿನಾಲ್ಕು ಪಾಯಿಂಟ್ ಎರಡು!"

"ಯಾರಿಗೆ?" ಎಂದಳು ಅಕ್ಕ.

"ಯಾರಿಗೆ ಅಂದ್ರೆ?"

"ಗ್ಲೂಕೋಸ್ ಬಾಟಲೀಲಿ ಎಷ್ಟಿದೆ ಅಂತ ನೋಡಿ ರೋಗಿ ಗಟ್ಟಿಯಾಗಿದಾನೆ ಅಂತ ನಾನು ಬರೆಯಲ್ಲಪ್ಪಾ. ಸೂಜಿ ನರದಲ್ಲಿದೆಯಾ ಅಂತ ನೋಡ್ತೀನಿ. ಸೊರಗಿರೋದು ಬ್ಯಾಟರಿ. ಅದರ ಮೈ ಮುಟ್ಟಿ ನೋಡು."

ಮೀಟರಣ್ಣ ನಕ್ಕ. ನಗುತ್ತಲೇ ಎರಡು ವೈರನ್ನೂ ಬ್ಯಾಟರಿಯ ಎರಡು ತುದಿಗೇ ಇಟ್ಟ. ನಗು ಅಲ್ಲೇ ನಿಂತಿತು. ಹನ್ನೆರಡು ಪಾಯಿಂಟ್ ಆರು. ಇದನ್ನು ಕೂಗಲಿಲ್ಲ.

ಡೈನಮೋ ಕೊಟ್ಟದ್ದರಲ್ಲಿ ಒಂದೂವರೆ ವೋಲ್ಟಿಗೂ ಹೆಚ್ಚು ದಾರಿಯಲ್ಲಿ ಎಲ್ಲೋ ಸೋರಿಹೋಗುತ್ತಿತ್ತು. ಎಂಜಿನ್ ಓಡುತ್ತಿದ್ದಂತೆಯೇ ಕೆಂಪು ವೈರನ್ನು ಬ್ಯಾಟರಿಯ ಮೈನಸ್ ತುದಿಗೆ ಸರಿಸಿ, ಕಪ್ಪನ್ನು ಎಂಜಿನ್ನಿನ ಬೋಲ್ಟಿಗೆ ಮುಟ್ಟಿಸಿದ. ಎರಡೂ ಒಂದೇ ದಾರಿಯ ಎರಡು ಕೊನೆ, ಮುಳ್ಳು ಅಲುಗಬಾರದಿತ್ತು. ಒಂದು ಪಾಯಿಂಟ್ ಆರಕ್ಕೆ ಎದ್ದು ನಿಂತಿತು. ಎಂಜಿನ್ ಆರಿಸಿ, ಬ್ಯಾಟರಿಯ ದಪ್ಪ ಕೇಬಲ್ಲನ್ನು ಕಾರಿನ ಮೈಗೆ ಬಿಗಿದಿದ್ದ ನಟ್ಟು ಬಿಚ್ಚಿದ.

ಕೆಳಗೆ ಹಸಿರು ಬಣ್ಣ ಪಳಪಳ ಹೊಳೆಯಿತು. ಎರಡು ಕೋಟು. ಹೋದ ತಿಂಗಳು ಪ್ರೀತಿ ಉಕ್ಕಿ ಬಾನೆಟ್ಟಿನ ಒಳಗನ್ನೆಲ್ಲ ಬಳಿದವನು ಅವನೇ. ಬಣ್ಣದಲ್ಲಿ ಕರೆಂಟು ಹರಿಯುವುದಿಲ್ಲ, ಬೋಲ್ಟಿನ ಸಂದಿಯಲ್ಲಿ ನುಸುಳಿದಷ್ಟೇ.

"ಏನಾಯ್ತೋ?"

"ನಾನೇ ಕಣಕ್ಕಾ."

"ಅದು ನಂಗೆ ಗೊತ್ತಿತ್ತು. ಏನು ಅಂತ ಕೇಳ್ದೆ."

ಎಮರಿ ಪೇಪರಿನಿಂದ ತಗಡು ಬೆಳ್ಳಗಾಗುವವರೆಗೆ ಉಜ್ಜಿದ. ನಟ್ಟು ಬಿಗಿಯುವ ಹೊತ್ತಿಗೆ ಗುಜರಿಯವನು ಹೆಗಲ ಮೇಲೆ ಹಗ್ಗ ಹೊತ್ತು ಬಂದು ನಿಂತ. "ಹತ್ತೂವರೆ ಆಯ್ತಲ್ಲ ಅಮ್ಮಾ, ಕಟ್ಟಲಾ?"

"ಇವನನ್ನಾ, ಕಾರನ್ನಾ? ಎರಡು ನಿಮಿಷ ತಡಿ," ಎಂದು ಅಕ್ಕ ತಾನೇ ಒಳಗೆ ಕೂತು ಸ್ಟಾರ್ಟರ್ ಎಳೆದಳು. ತಿಂಗಳಿಂದ ಮುಲುಕುತ್ತಿದ್ದ ಎಂಜಿನ್ ಒಂದೇ ಏಟಿಗೆ ಹತ್ತಿಕೊಂಡಿತು. ಅವಳು ಎಂಜಿನ್ ರೇಗಿಸಿದಳು. ಹತ್ತು ನಿಮಿಷ ಹಾಗೇ ಓಡಿಸಿದರು. ಗುಜರಿಯವನು ಹಗ್ಗ ಇಳಿಸಿ ಅದರ ಮೇಲೇ ಕೂತ.

ಮೀಟರಣ್ಣ ಎರಡು ವೈರನ್ನೂ ಬ್ಯಾಟರಿಗೇ ಇಟ್ಟ. ಮುಳ್ಳು ಮೇಲೇರಿ, ತನ್ನ ಹಳೇ ಜಾಗಕ್ಕೆ ಒಂದು ಗೆರೆ ಮೊದಲೇ ನಿಂತಿತು.

"ಕೂಗೋ," ಎಂದಳು ಅಕ್ಕ. "ಅವನು ಹಗ್ಗ ಸುತ್ಕೊಂಡು ಹೋಗ್ಲಿ."

ಅವನು ಬಗ್ಗಿ ಇನ್ನೊಮ್ಮೆ ನೋಡಿದ. ಆಮೇಲೆ, ಮೂವತ್ತೊಂದು ವರ್ಷದಲ್ಲಿ ಮೊದಲ ಸಲ, ಮುಳ್ಳು ತೋರಿಸಿದ್ದನ್ನೇ ಕೂಗಿದ: "ಹದಿನಾಲ್ಕು ಪಾಯಿಂಟ್ ಒಂದು!"